ನಮ್ಮ ರಕ್ತದಿಂದ ಮೆದುಳಿನ ತುಣುಕು ಬೆಳೆಸುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಲ್ಯಾಬುಗಳಲ್ಲಿ ಸ್ಟೆಮ್ ಸೆಲ್ ಕೆಲಸ ಮಾಡುವ ವಿಜ್ಞಾನಿಗಳಿಗೆ ಮತ್ತು ಆ ಕೆಲಸಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯವರಿಗೆ,

ನಮಸ್ಕಾರ.

ನಾನು ಮಾಗಡಿ ರಸ್ತೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹದಿನೇಳು ವರ್ಷ ಆಯಿತು. ನನ್ನ ತಮ್ಮನಿಗೆ ಬೈಪೋಲಾರ್ ಅನ್ನುವ ಮನಸ್ಸಿನ ಕಾಯಿಲೆ ಇದೆ, ಅದಕ್ಕೂ ಹೆಚ್ಚುಕಮ್ಮಿ ಅಷ್ಟೇ ವರ್ಷ. ಈ ಎರಡೂ ಒಂದೇ ಮನೆಯಲ್ಲಿ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ನೀವು ಮಾಡುವ ಕೆಲಸ ನನಗೆ ಇಷ್ಟ. ಅದು ನಡೆಯಬೇಕು ಅನ್ನುವ ಆಸೆಯೂ ಇದೆ. ಆದರೆ ಒಂದು ವಿಷಯ ನಿಮ್ಮನ್ನು ನೇರವಾಗಿ ಕೇಳಬೇಕಾಗಿದೆ.

ಮೊದಲು ನಡೆದದ್ದು ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ.

ಎರಡು ವರ್ಷದ ಹಿಂದೆ ತಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆವು. ಅಮ್ಮನೂ ಬಂದಿದ್ದರು. ಡಾಕ್ಟರು ನೋಡಿದ ಮೇಲೆ, ಒಂದು ಸಂಶೋಧನೆ ನಡೀತಿದೆ, ಪಕ್ಕದ ಕೋಣೆಯಲ್ಲಿ ಒಬ್ಬರು ಮಾತಾಡುತ್ತಾರೆ, ಇಷ್ಟ ಇದ್ದರೆ ಸೇರಿಕೊಳ್ಳಿ ಅಂದರು. ಹೋದೆವು. ಅಲ್ಲಿ ಒಬ್ಬ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು, ತುಂಬಾ ಒಳ್ಳೆಯ ಹುಡುಗಿ, ಎದ್ದು ನಿಂತು ಅಮ್ಮನಿಗೆ ಕುರ್ಚಿ ಎಳೆದುಕೊಟ್ಟಳು. ತಮ್ಮನ ಮುಂದೆ ಹನ್ನೊಂದು ಪುಟದ ಒಂದು ಒಪ್ಪಿಗೆ ಪತ್ರ ಇಟ್ಟಳು. ಕನ್ನಡದಲ್ಲೇ ಇತ್ತು. ಅಮ್ಮ ಕನ್ನಡಕ ಹಾಕಿಕೊಂಡು ತಾವೂ ಓದಲು ಶುರು ಮಾಡಿದರು. ಅಮ್ಮ ಏಳನೇ ಕ್ಲಾಸು ಓದಿದವರು, ಆದರೆ ದಿನಾ ಬೆಳಿಗ್ಗೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಾರೆ. ಮೂರನೇ ಪುಟದಲ್ಲಿ ಅವರ ಬೆರಳು ನಿಂತಿತು. ಅಲ್ಲಿ ಬರೆದಿದ್ದದ್ದು ಹೀಗೆ: "ಪ್ರೇರಿತ ಬಹುಸಾಮರ್ಥ್ಯ ಆಕರಕೋಶಗಳನ್ನು ವ್ಯುತ್ಪನ್ನಗೊಳಿಸಿ ತ್ರಿ-ಆಯಾಮದ ನರ ಅಂಗಾಂಶ ಮಾದರಿಗಳನ್ನು ಸೃಜಿಸಲಾಗುವುದು."

ಅಮ್ಮ ನನ್ನ ಮುಖ ನೋಡಿದರು. "ಇದೇನು ಕಣೇ?" ಅಂದರು.

ನಾನು ವಿಜ್ಞಾನ ಓದಿದವಳು. ನನಗೂ ಆ ವಾಕ್ಯ ಎರಡು ಸಲ ಓದಿದ ಮೇಲೆ, ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿದ ಮೇಲೆ ಅರ್ಥವಾಯಿತು. ಆ ಹುಡುಗಿ ಪಾಪ ಬಾಯಲ್ಲಿ ವಿವರಿಸಲು ನೋಡಿದಳು, "ನಿಮ್ಮ ಮಗನ ಬ್ಲಡ್ಡಿಂದ ಸ್ಟೆಮ್ ಸೆಲ್ ಮಾಡ್ತೀವಿ ಆಂಟಿ, ಅದ್ರಿಂದ ಬ್ರೇನ್ ಸೆಲ್ಸ್ ಮಾಡಿ ಕಾಯಿಲೆ ಯಾಕೆ ಬರುತ್ತೆ ಅಂತ ನೋಡ್ತೀವಿ" ಅಂದಳು. ಅಷ್ಟು ಸಾಕಾಗಿತ್ತು, ತಮ್ಮ ಸಹಿ ಹಾಕಿದ. ಎಂಟನೇ ಪುಟದಲ್ಲಿ ಒಂದು ಚೌಕ ಇತ್ತು: "ಭವಿಷ್ಯದ ಇತರ ಸಂಶೋಧನೆಗಳಿಗೆ ಬಳಸಲು ಸಮ್ಮತಿಸುತ್ತೇನೆ." ಅದಕ್ಕೂ ಟಿಕ್ ಹಾಕಿಸಿದರು. ಯಾವ ಇತರ ಸಂಶೋಧನೆ ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಎರಡು ಟ್ಯೂಬು ರಕ್ತ ತೆಗೆದುಕೊಂಡರು. ಟೀ ಬಿಸ್ಕತ್ತು ಕೊಟ್ಟರು. ಬಂದೆವು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅಮ್ಮ ತುಂಬಾ ಹೊತ್ತು ಸುಮ್ನೆ ಇದ್ದರು. ಆಮೇಲೆ ಕೇಳಿದರು, "ಅಲ್ಲ, ಅವರು ಇವನ ರಕ್ತದಿಂದ ಮೆದುಳು ಮಾಡ್ತಾರೆ ಅಂದ್ರಲ್ಲ. ಅದು ಯಾರ ಮೆದುಳು? ಅದಕ್ಕೆ ನೋವಾಗುತ್ತಾ?"

ಎರಡು ವರ್ಷದಿಂದ ಈ ಎರಡು ಪ್ರಶ್ನೆ ನನ್ನ ತಲೆಯಲ್ಲಿವೆ. ಉತ್ತರ ಹುಡುಕುತ್ತಾ ಹೋದಾಗಲೇ ನನಗೆ ಮೂರನೆಯದೂ ಸಿಕ್ಕಿತು. ಈ ಮೆದುಳಿನ ತುಣುಕುಗಳಿಂದ ಪ್ರಪಂಚದ ಲ್ಯಾಬುಗಳಲ್ಲಿ ಕಾಯಿಲೆಯನ್ನು ಮಾತ್ರ ನೋಡುತ್ತಿಲ್ಲ. ಮನುಷ್ಯ ಮನುಷ್ಯನಾದದ್ದು ಹೇಗೆ ಅನ್ನುವುದನ್ನೂ ನೋಡುತ್ತಿದ್ದಾರೆ.

ನಿಮಗೆ ಇದೆಲ್ಲ ಗೊತ್ತು. ಆದರೆ ಈ ಪತ್ರ ಓದುವ ಬೇರೆಯವರೂ ಇದ್ದಾರೆ. ಅವರಿಗಾಗಿ ನಾನು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ.

ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಚರ್ಮದ ಜೀವಕೋಶಗಳಿಗೆ ನಾಲ್ಕು ಜೀನ್‌ಗಳನ್ನು ಸೇರಿಸಿದರು. ಬಲಿತ ಆ ಕೋಶಗಳು ಮತ್ತೆ ಎಳೆಯ ಕೋಶಗಳಾದವು, ಭ್ರೂಣದಲ್ಲಿ ಇರುತ್ತವಲ್ಲ, ಯಾವ ಅಂಗ ಬೇಕಾದರೂ ಆಗಬಲ್ಲ ಕೋಶ, ಅಂಥವು. ಆ ಹುಡುಗಿ ಹೇಳಿದ ಸ್ಟೆಮ್ ಸೆಲ್ ಅಂದರೆ ಇದೇ. 2007ರಲ್ಲಿ ಮನುಷ್ಯರ ಕೋಶಗಳಲ್ಲೂ ಅದನ್ನೇ ಮಾಡಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಮರುವರ್ಷ, 2013ರಲ್ಲಿ, ವಿಯೆನ್ನಾದಲ್ಲಿ ಮ್ಯಾಡ್ಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗನ್ ನೋಬ್ಲಿಕ್ ತಂಡ ಇಂಥ ಎಳೆಯ ಕೋಶಗಳನ್ನು ಉಂಡೆಯಾಗಿ ಬೆಳೆಯಲು ಬಿಟ್ಟು, ಆಸರೆಗೆ ಒಂದು ಮೆತ್ತನೆಯ ಜೆಲ್ ಕೊಟ್ಟು, ಪೋಷಕಾಂಶ ಇರುವ ದ್ರವದಲ್ಲಿ ನಿಧಾನವಾಗಿ ತಿರುಗಿಸುತ್ತಾ ತಿಂಗಳುಗಟ್ಟಲೆ ಬೆಳೆಸಿದರು. ಕೋಶಗಳು ತಾವೇ ತಾವಾಗಿ ಪದರ ಪದರವಾಗಿ ಜೋಡಿಸಿಕೊಂಡವು. ಎಳೆಯ ಭ್ರೂಣದ ಮೆದುಳಿನಲ್ಲಿ ಆಗುವ ಹಾಗೆಯೇ. ಇದಕ್ಕೆ ಆರ್ಗನಾಯ್ಡ್ ಅನ್ನುತ್ತಾರೆ. ಬಿಳಿಚಾಗಿರುತ್ತದೆ. ಮೂರು ನಾಲ್ಕು ಮಿಲಿಮೀಟರು, ಅಂದರೆ ಒಂದು ಹೆಸರುಕಾಳಿನಷ್ಟು. ಅದರಾಚೆ ಬೆಳೆಯುವುದು ಕಷ್ಟ, ಯಾಕೆಂದರೆ ಅದರೊಳಗೆ ರಕ್ತನಾಳ ಇಲ್ಲ. ನಡುಭಾಗಕ್ಕೆ ಆಮ್ಲಜನಕ ಸಿಗದೆ ಅಲ್ಲಿನ ಕೋಶಗಳು ಸಾಯುತ್ತವೆ.

ಹೆಸರುಕಾಳು ಅಂತ ನಾನು ಹೇಳಿದ ಮೇಲೆ ಅಮ್ಮ ಅಡುಗೆಮನೆಗೆ ಹೋಗಿ ನಾಲ್ಕು ಕಾಳು ತಂದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಎಷ್ಟೋ ಹೊತ್ತು ನೋಡಿದರು.

ಈಗ ವಿಕಾಸದ ವಿಷಯ. ಹಳೆಯ ಮನುಷ್ಯರ ಮೂಳೆ ಸಿಗುತ್ತದೆ, ಹಲ್ಲು ಸಿಗುತ್ತದೆ, ಕಲ್ಲಿನ ಆಯುಧ ಸಿಗುತ್ತದೆ. ಮೆದುಳು ಸಿಗುವುದಿಲ್ಲ. ಅದು ಮೆತ್ತಗಿನ ಪದಾರ್ಥ, ಕೊಳೆತು ಹೋಗುತ್ತದೆ. ಬುರುಡೆಯೊಳಗಿನ ಜಾಗ ನೋಡಿ ಎಷ್ಟು ದೊಡ್ಡದಿತ್ತು ಅನ್ನಬಹುದು, ಅದು ಬೆಳೆದದ್ದು ಹೇಗೆ ಅನ್ನಲಾಗುವುದಿಲ್ಲ. ಇನ್ನು ಚಿಂಪಾಂಜಿ, ಗೊರಿಲ್ಲಾ ನಮ್ಮ ಹತ್ತಿರದ ನೆಂಟರು. ನಮಗೂ ಚಿಂಪಾಂಜಿಗೂ ಒಂದೇ ಪೂರ್ವಜ ಇದ್ದದ್ದು ಸುಮಾರು 60ರಿಂದ 70 ಲಕ್ಷ ವರ್ಷದ ಹಿಂದೆ. ಅವುಗಳ ಮೆದುಳು ನಮ್ಮದರ ಮೂರನೇ ಒಂದು ಭಾಗದಷ್ಟು. ಆದರೆ ಗರ್ಭದೊಳಗೆ ಅವುಗಳ ಮೆದುಳು ಮೊದಲ ವಾರಗಳಲ್ಲಿ ಹೇಗೆ ಬೆಳೆಯುತ್ತದೆ ಅಂತ ನೋಡಲು ದಾರಿಯೇ ಇರಲಿಲ್ಲ. ಗರ್ಭಿಣಿ ಚಿಂಪಾಂಜಿಯ ಹೊಟ್ಟೆ ಕೊಯ್ದು ನೋಡುವುದಕ್ಕಾಗುತ್ತದಾ? ಆಗಬಾರದು ಕೂಡ.

ಆರ್ಗನಾಯ್ಡ್ ಈ ಬಾಗಿಲು ತೆಗೆಯಿತು. ಚಿಂಪಾಂಜಿಯ ಕೋಶದಿಂದಲೂ ಉಂಡೆ ಬೆಳೆಸಬಹುದು, ಗೊರಿಲ್ಲಾದ್ದರಿಂದಲೂ ಬೆಳೆಸಬಹುದು, ಮನುಷ್ಯರದ್ದರ ಪಕ್ಕದಲ್ಲೇ ಇಟ್ಟು ದಿನ ದಿನ ಹೋಲಿಸಬಹುದು. 2021ರಲ್ಲಿ ಲ್ಯಾಂಕಾಸ್ಟರ್ ತಂಡ ಕೇಂಬ್ರಿಡ್ಜ್‌ನಲ್ಲಿ ಇದನ್ನೇ ಮಾಡಿತು. ಮೆದುಳಾಗಬೇಕಾದ ಮೂಲ ಕೋಶಗಳು ಮೊದಲು ಕಂಬದ ಹಾಗೆ ನೆಟ್ಟಗೆ ಇರುತ್ತವೆ. ಆ ಆಕಾರದಲ್ಲಿ ಇರುವಷ್ಟು ದಿನ ಅವು ಬೇಗ ಬೇಗ ದುಪ್ಪಟ್ಟಾಗುತ್ತವೆ. ಆಮೇಲೆ ಒಂದು ಕಡೆ ಸಪೂರಾಗಿ ಶಂಕುವಿನ ಆಕಾರಕ್ಕೆ ಬರುತ್ತವೆ, ಆಗ ದುಪ್ಪಟ್ಟಾಗುವುದು ನಿಧಾನವಾಗುತ್ತದೆ. ಚಿಂಪಾಂಜಿ ಗೊರಿಲ್ಲಾಗಳಲ್ಲಿ ಈ ಬದಲಾವಣೆಗೆ ಸುಮಾರು ಐದು ದಿನ ಹಿಡಿಯಿತು. ಮನುಷ್ಯರಲ್ಲಿ ಸುಮಾರು ಏಳು ದಿನ. ಇದರ ಹಿಂದೆ ಜ಼ೆಬ್2 ಅನ್ನುವ ಒಂದು ಜೀನ್ ಇದೆ. ಗೊರಿಲ್ಲಾದ ಉಂಡೆಯಲ್ಲಿ ಆ ಜೀನ್ ತಡವಾಗಿ ಕೆಲಸ ಶುರು ಮಾಡುವ ಹಾಗೆ ಮಾಡಿದಾಗ ಅದು ಮನುಷ್ಯರ ಉಂಡೆಯ ಹಾಗೆ ದೊಡ್ಡದಾಯಿತು. ಮನುಷ್ಯರ ಉಂಡೆಯಲ್ಲಿ ಬೇಗ ಶುರು ಮಾಡಿಸಿದಾಗ ಅದು ಗೊರಿಲ್ಲಾದ ದಾರಿ ಹಿಡಿಯಿತು.

ಎರಡು ದಿನ! ನಾನು ಇದನ್ನು ಒಂಬತ್ತನೇ ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ, ಯಾವತ್ತೂ ಬಾಯಿ ಬಿಡದವನು, ಎದ್ದು ನಿಂತು "ಮಿಸ್, ಹಂಗಾದ್ರೆ ನಾವು ಲೇಟಾಗಿದ್ದಕ್ಕೇ ಮನುಷ್ಯರಾದ್ವಾ?" ಅಂದ. ಪೂರ್ತಿ ಹಾಗಲ್ಲ, ಇನ್ನೂ ಎಷ್ಟೋ ಕಾರಣ ಇವೆ ಅಂತ ತಿದ್ದಿದೆ. ಆದರೆ ಆ ಪ್ರಶ್ನೆ ಆ ಮಗುವಿನ ಬಾಯಲ್ಲಿ ಬಂದದ್ದೇ ನನಗೆ ದೊಡ್ಡ ಸಂತೋಷ. 2023ರಲ್ಲಿ, ಕೇಂದ್ರದ ಶಾಲಾ ಪಠ್ಯಪುಸ್ತಕ ತಯಾರಿಸುವ ಸಂಸ್ಥೆಯಾದ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ತೆಗೆದುಹಾಕಿದಾಗ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ನಿಮ್ಮಲ್ಲಿ ಕೆಲವರಾದರೂ ಸಹಿ ಹಾಕಿರುತ್ತೀರಿ ಅಂದುಕೊಂಡಿದ್ದೇನೆ. ಈ ಪಾಠ ಮಕ್ಕಳಿಗೆ ಎಷ್ಟು ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ನಿಯಾಂಡರ್ತಾಲ್ ಕಥೆ. ಅವರು ನಮ್ಮ ಹತ್ತಿರದ ನೆಂಟರಾಗಿದ್ದ ಇನ್ನೊಂದು ಬಗೆಯ ಮನುಷ್ಯರು, ಸುಮಾರು 40,000 ವರ್ಷದ ಹಿಂದೆ ಇಲ್ಲವಾದರು. ಸ್ವಾಂಟೆ ಪೇಬೊ ತಂಡ 2010ರಲ್ಲಿ ಅವರ ಮೂಳೆಯಲ್ಲಿ ಉಳಿದಿದ್ದ ಡಿಎನ್‌ಎ ಓದಿ ಕರಡು ಜೀನೋಮ್, ಅಂದರೆ ಪೂರ್ತಿ ಡಿಎನ್‌ಎಯ ಬರಹ, ಪ್ರಕಟಿಸಿತು. 2022ರಲ್ಲಿ ಪೇಬೊಗೆ ನೊಬೆಲ್ ಬಂತು. ಈಗ ಅವರ ಜೀನ್‌ನ ಅಕ್ಷರ ಗೊತ್ತಿದೆ, ನಮ್ಮ ಜೀನ್‌ನ ಅಕ್ಷರವೂ ಗೊತ್ತಿದೆ, ಜೀನ್ ತಿದ್ದುವ ಕತ್ತರಿಯೂ ಕೈಯಲ್ಲಿದೆ. ಹಾಗಾಗಿ 2021ರಲ್ಲಿ ಕ್ಯಾಲಿಫೋರ್ನಿಯಾದ ಆಲಿಸನ್ ಮುವೋಟ್ರಿ ತಂಡ ಇವತ್ತಿನ ಮನುಷ್ಯರ ಕೋಶದಲ್ಲಿ ನೋವಾ1 ಅನ್ನುವ ಜೀನ್‌ನ ಒಂದೇ ಒಂದು ಅಕ್ಷರ ಬದಲಿಸಿ ಹಳೆಯ ರೂಪಕ್ಕೆ ತಂದು ಉಂಡೆ ಬೆಳೆಸಿತು. ಉಂಡೆ ಚಿಕ್ಕದಾಯಿತು, ಮೇಲ್ಮೈ ಒರಟಾಯಿತು. ಎಲ್ಲ ಕಡೆ ಸುದ್ದಿಯೋ ಸುದ್ದಿ. ಆಮೇಲೆ ಬೇರೆ ವಿಜ್ಞಾನಿಗಳು, ಜೀನ್ ತಿದ್ದಿದ ರೀತಿಯಲ್ಲೇ ಎಡವಟ್ಟಾಗಿರಬಹುದು ಅಂತ ಪ್ರಶ್ನೆ ಎತ್ತಿದರು. 2022ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವೀಲಾಂಡ್ ಹುಟ್ನರ್ ತಂಡ ಟಿಕೆಟಿಎಲ್1 ಅನ್ನುವ ಇನ್ನೊಂದು ಜೀನ್ ಹಿಡಿಯಿತು. ಅದರ ಇಂದಿನ ರೂಪದಿಂದ ನರಕೋಶಗಳು ಜಾಸ್ತಿ ಹುಟ್ಟುತ್ತವೆ ಅಂದಿತು. ಅದಕ್ಕೂ ಆಕ್ಷೇಪ ಬಂತು, ಹಳೆಯ ರೂಪ ಇವತ್ತಿಗೂ ಬದುಕಿರುವ ಕೆಲವು ಜನರಲ್ಲಿ ಇದೆಯಲ್ಲ ಅಂತ. ಜಗಳ ಇನ್ನೂ ಮುಗಿದಿಲ್ಲ. ನನಗೆ ಈ ಜಗಳವೇ ಇಷ್ಟ. ಮಕ್ಕಳಿಗೆ ವಿಜ್ಞಾನ ಅಂದರೆ ಇದು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇಲ್ಲ.

ಆದರೆ ಈ ಸಂಶೋಧನೆಗಳ ಬಗ್ಗೆ ಓದುವಾಗೆಲ್ಲ ನನಗೆ ಬರುವ ಯೋಚನೆ ಒಂದೇ. ಆ ಕೋಶ ಯಾರದು? ಎಲ್ಲೋ ಒಬ್ಬರು ರಕ್ತ ಕೊಟ್ಟಿದ್ದಾರೆ, ಇಲ್ಲಾ ತೋಳಿನಿಂದ ಒಂದು ಚೂರು ಚರ್ಮ ಕೊಟ್ಟಿದ್ದಾರೆ. ಅವರ ಕೋಶಕ್ಕೆ ನಿಯಾಂಡರ್ತಾಲ್ ಜೀನ್ ಹಾಕಿದ್ದು ಅವರಿಗೆ ಗೊತ್ತಾ?

ಬೆಂಗಳೂರಿನಲ್ಲಿ ಇದೆಲ್ಲ ಎಲ್ಲಿ ನಡೆಯುತ್ತೆ ಅನ್ನುವವರಿಗೆ ಹೇಳುತ್ತೇನೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಇವೆ. ಅವರೂ ನಿಮ್ಹಾನ್ಸ್‌ನವರೂ ಸೇರಿ ಮನೋರೋಗ ಇರುವ ಕುಟುಂಬಗಳ ಜನರಿಂದ ಸ್ಟೆಮ್ ಸೆಲ್ ತಯಾರಿಸಿ ಕಾಯಿಲೆ ಅಭ್ಯಾಸ ಮಾಡುವ ದೊಡ್ಡ ಕೆಲಸ ನಡೆಸಿದ್ದಾರೆ. ನಾನು ಹೇಳಿದ ನಮ್ಮ ಮನೆಯ ಘಟನೆಗೂ ಇವರಿಗೂ ಸಂಬಂಧ ಇಲ್ಲ, ಅದು ಬೇರೆ ಕಡೆಯದು. ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿದೆ. ಅಂದರೆ ಕೋಶ ಇದೆ, ಜೀನೋಮ್ ಇದೆ, ಕೈ ಪಳಗಿದ ಜನ ಇದ್ದಾರೆ. ವಿಕಾಸದ ಪ್ರಶ್ನೆಯನ್ನು ನಮ್ಮ ಜನರ ಕೋಶ ಇಟ್ಟುಕೊಂಡು ಕೇಳುವ ದಿನ ದೂರ ಇಲ್ಲ.

ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಕೇಳಬಾರದು? ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಗೆ ಹೋಗಿ ನೋಡಿ. ಅಲ್ಲಿನ ಇಸಾಂಪುರದಲ್ಲಿ ಸುಣ್ಣಕಲ್ಲಿನ ಕೈಗೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಪುರಾತತ್ವಜ್ಞ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಅಲ್ಲಿ ಅಗೆದು ಕೆಲಸ ಮಾಡಿದರು. ಅದು ಸುಮಾರು 12 ಲಕ್ಷ ವರ್ಷ ಹಳೆಯದು ಅನ್ನುವ ಲೆಕ್ಕ ಇದೆ. ನಮ್ಮಂಥ ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಮೊದಲು ಅಲ್ಲಿ ಯಾರೋ ಕೂತು ಕಲ್ಲು ಕೆತ್ತುತ್ತಿದ್ದರು. ಆದರೆ ಕೆತ್ತಿದವರ ಮೂಳೆ ಸಿಕ್ಕಿಲ್ಲ. ದೇಶದಲ್ಲೇ ನಮ್ಮಂಥ ಮನುಷ್ಯರಿಗಿಂತ ಮೊದಲಿನವರ ತಲೆಬುರುಡೆ ಅಂತ ಹೇಳಿಕೊಳ್ಳಲು ಇರುವುದು ಮಧ್ಯಪ್ರದೇಶದ ನರ್ಮದೆಯ ದಂಡೆ ಹತ್ನೋರಾದಲ್ಲಿ 1982ರಲ್ಲಿ ಸಿಕ್ಕ ಒಂದು ಭಾಗ ಮಾತ್ರ. ಅವರ ಕಥೆಯ ಅಲ್ಪಸ್ವಲ್ಪ ನಮ್ಮ ಜೀನ್‌ಗಳಲ್ಲೇ ಇರಬಹುದು. ಕೋವಿಡ್ ಸಮಯದಲ್ಲಿ ಇದು ಎಷ್ಟು ಹತ್ತಿರದ ವಿಷಯ ಅಂತ ಗೊತ್ತಾಯಿತು. ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚಿಸುವ ಒಂದು ಡಿಎನ್‌ಎ ತುಂಡು ನಿಯಾಂಡರ್ತಾಲರಿಂದ ಬಂದದ್ದು, ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿ ಅದು ಇದೆ ಅಂತ ಪೇಬೊ ಮತ್ತು ಹ್ಯೂಗೊ ಜ಼ೆಬೆರ್ಗ್ 2020ರಲ್ಲಿ ತೋರಿಸಿದರು. ನಮ್ಮ ಬೀದಿಯಲ್ಲಿ ಆ ಎರಡು ವರ್ಷ ಐದು ಮನೆಯಲ್ಲಿ ಸಾವಾಯಿತು. ಯಾರಲ್ಲಿ ಆ ತುಂಡಿತ್ತೋ, ಇಲ್ಲವೋ, ಗೊತ್ತಿಲ್ಲ. ಆದರೆ ವಿಕಾಸ ಅಂದರೆ ಯಾವುದೋ ಕಾಲದ ಕಥೆ ಅಂತ ನಾನು ಆಮೇಲೆ ಯಾವತ್ತೂ ಪಾಠ ಮಾಡಿಲ್ಲ.

ಹಾಗಾದರೆ ನನ್ನ ತಕರಾರು ಏನು?

ಕಾಯಿಲೆಗೆ ಅಂತ ಕೊಟ್ಟ ರಕ್ತವನ್ನು, ನಮ್ಮನ್ನು ಕೇಳದೆ, ನಾವು ಯಾರು ಎಲ್ಲಿಂದ ಬಂದವರು ಅನ್ನುವ ಪ್ರಶ್ನೆಗೆ ಬಳಸಬೇಡಿ. ಬಳಸುವುದಾದರೆ ಬೇರೆಯಾಗಿ ಕೇಳಿ. ನಮಗೆ ಅರ್ಥವಾಗುವ ಕನ್ನಡದಲ್ಲಿ ಕೇಳಿ. ಇಷ್ಟೇ.

ಇದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಾಸುಪೈ ಅನ್ನುವ ಒಂದು ಸಣ್ಣ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ವಿಪರೀತ. 1990ರಿಂದ ಅರಿಜ಼ೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಅಭ್ಯಾಸಕ್ಕೆ ಅಂತ ಅವರ ರಕ್ತ ತೆಗೆದುಕೊಂಡರು. ಆಮೇಲೆ ಅದೇ ರಕ್ತವನ್ನು ಸ್ಕಿಜ಼ೋಫ್ರೀನಿಯಾ ಅನ್ನುವ ಮನೋರೋಗದ ಬಗ್ಗೆ, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಅನ್ನುವುದರ ಬಗ್ಗೆ ನೋಡಲು ಬಳಸಿದರು. ಆ ಜನ ನಂಬುವುದು ತಾವು ಆ ಕಣಿವೆಯಲ್ಲೇ ಹುಟ್ಟಿದವರು ಅಂತ. ತಮ್ಮ ರಕ್ತದಿಂದಲೇ ತಮ್ಮ ಮೂಲಕಥೆಯನ್ನು ಅಲ್ಲಗಳೆದದ್ದು ಗೊತ್ತಾದಾಗ ಅವರಿಗೆ ಆದ ನೋವು ಅಷ್ಟಿಷ್ಟಲ್ಲ. ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಯಿತು, ಏಳು ಲಕ್ಷ ಡಾಲರ್ ಕೊಟ್ಟರು, ಉಳಿದಿದ್ದ ರಕ್ತವನ್ನು ವಾಪಸ್ ಕೊಟ್ಟರು. ಅಲ್ಲಿ ವಿಜ್ಞಾನ ತಪ್ಪು ಹೇಳಿರಲಿಲ್ಲ. ಕೇಳದೆ ಮಾಡಿದ್ದು ತಪ್ಪಾಗಿತ್ತು. ನಮ್ಮ ದೇಶದಲ್ಲಿ ಜಾತಿ ಇದೆ, ಬುಡಕಟ್ಟು ಇದೆ, ಯಾರು ಮೂಲನಿವಾಸಿ ಯಾರು ಹೊರಗಿನವರು ಅನ್ನುವ ಜಗಳ ದಿನಾ ಇದೆ. ಇಲ್ಲಿ ಇದು ಇನ್ನೂ ಸೂಕ್ಷ್ಮ ಅಲ್ವಾ?

ನೀವು ಹೇಳಬಹುದು, ಹೆಸರು ತೆಗೆದುಹಾಕಿರುತ್ತೇವೆ, ಟ್ಯೂಬಿನ ಮೇಲೆ ಬರೀ ನಂಬರ್ ಇರುತ್ತದೆ ಅಂತ. ಸರಿ. ಆದರೆ ನಂಬರ್ ಹಾಕಿದ ಮಾತ್ರಕ್ಕೆ ಅದು ನನ್ನ ತಮ್ಮನದಲ್ಲ ಅಂತಾಗುವುದಿಲ್ಲ. ಅವನ ಕೋಶ ನಿಮ್ಮ ಫ್ರೀಜರಿನಲ್ಲಿ ಅವನಿಗಿಂತ ಹೆಚ್ಚು ಕಾಲ ಇರಬಹುದು. ಇನ್ನೊಂದು ಮಾತೂ ಹೇಳಬಹುದು, ಮುಂದೆ ಏನೇನು ಪ್ರಶ್ನೆ ಬರುತ್ತವೋ ಈಗಲೇ ಹೇಗೆ ಹೇಳುವುದು ಅಂತ. ಅದೂ ಸರಿ. ಅದಕ್ಕೇ ಆ ಒಂದು ಚೌಕವನ್ನು ಒಡೆದು ಎರಡು ಮೂರು ಮಾಡಿ ಅನ್ನುತ್ತಿದ್ದೇನೆ. ಬೇರೆ ಕಾಯಿಲೆಗೆ ಬಳಸಬಹುದಾ? ಮನುಷ್ಯರ ವಿಕಾಸ ತಿಳಿಯಲು ಬಳಸಬಹುದಾ? ಈ ತುಣುಕನ್ನು ಪ್ರಾಣಿಯೊಳಗೆ ಇಡಬಹುದಾ? ಮೂರೂ ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಹೂಂ ಅಂದವರು ಇನ್ನೊಂದಕ್ಕೆ ಬೇಡ ಅನ್ನಬಹುದು.

ಪ್ರಾಣಿಯ ಮಾತು ಸುಮ್ನೆ ತರಲಿಲ್ಲ. 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆರ್ಜಿಯು ಪಾಷ್ಕಾ ತಂಡ ಮನುಷ್ಯರ ಕೋಶದಿಂದ ಬೆಳೆದ ಉಂಡೆಯನ್ನು ಹುಟ್ಟಿದ ಕೆಲವೇ ದಿನದ ಇಲಿಮರಿಗಳ ಮೆದುಳಿಗೆ ಸೇರಿಸಿತು. ಅಲ್ಲಿ ರಕ್ತ ಸಿಕ್ಕಿದ್ದರಿಂದ ಉಂಡೆ ಚೆನ್ನಾಗಿ ಬೆಳೆಯಿತು. ಇಲಿಯ ಮೀಸೆ ಮುಟ್ಟಿದರೆ ಮನುಷ್ಯರ ನರಕೋಶಗಳು ಸ್ಪಂದಿಸಿದವು. ಇದು ಕಾಯಿಲೆ ತಿಳಿಯಲು ತುಂಬಾ ಉಪಯೋಗವಾಗುವ ಕೆಲಸ, ಅನುಮಾನ ಇಲ್ಲ. ಆದರೆ ನಮ್ಮ ಮನೆಯಲ್ಲಿ ಗಣೇಶನ ಜೊತೆ ಇಲಿಗೂ ಕೈ ಮುಗಿಯುವ ಅಮ್ಮನಿಗೆ, ನಿಮ್ಮ ಮಗನ ಕೋಶ ಇಲಿಯ ತಲೆಯಲ್ಲಿ ಬೆಳೆಯಬಹುದು ಅಂತ ಹೇಳಬೇಕೋ ಬೇಡವೋ? ಹೇಳಬೇಕು. ಅವರು ಬೇಡ ಅನ್ನುತ್ತಾರೆ ಅಂತ ನೀವು ಅಂದುಕೊಳ್ಳುವುದೂ ಬೇಡ. ಜನರನ್ನು ಅಷ್ಟು ಕಡಿಮೆ ಅಂದಾಜು ಮಾಡಬೇಡಿ.

ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಮಕ್ಕಳನ್ನು ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನವರು ಮಕ್ಕಳ ಕೈಗೆ ಗ್ಲೌಸ್ ಹಾಕಿಸಿ ನಿಜವಾದ ಮೆದುಳು ಮುಟ್ಟಲು ಕೊಡುತ್ತಾರೆ. ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆಯುತ್ತಿರುತ್ತದೆ. ನಮ್ಮ ಹುಡುಗಿಯೊಬ್ಬಳು ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಳ್ಳುವ ಹಾಗೆ, ಮೆದುಳನ್ನು ಹಿಡಿದುಕೊಂಡಳು. "ಭಾರ ಇದೆ ಮಿಸ್" ಅಂದಳು. ಆಮೇಲೆ ಅಲ್ಲಿದ್ದವರನ್ನು ಕೇಳಿದಳು, "ಇವರ ಮನೆಯವರು ಕೊಟ್ಟಿದ್ದಾ ಸರ್?" ಹೌದಮ್ಮ, ತೀರಿಕೊಂಡವರ ಮನೆಯವರೇ ಒಪ್ಪಿ ಕೊಟ್ಟದ್ದು ಅಂದರು. ಅಲ್ಲಿನ ಮೆದುಳು ಬ್ಯಾಂಕ್ 1995ರಿಂದ ಇದೆ. ಮನೆಯಲ್ಲಿ ಹೆಣ ಇರುವಾಗ, ಅಳು ನಿಲ್ಲದಿರುವಾಗ, ಬಂದು ಕೇಳಿದವರಿಗೆ ಎಷ್ಟೋ ಕುಟುಂಬಗಳು ಕೊಟ್ಟಿವೆ. ಎದುರು ಕೂತು ಬಿಡಿಸಿ ಹೇಳಿದರೆ ಅಂಥ ಹೊತ್ತಿನಲ್ಲೂ ಕೊಡುವ ಜನ, ಎರಡು ಟ್ಯೂಬು ರಕ್ತಕ್ಕೆ ಇಲ್ಲ ಅನ್ನುತ್ತಾರಾ?

ಈಗ ಅಮ್ಮನ ಪ್ರಶ್ನೆ. ಅದಕ್ಕೆ ನೋವಾಗುತ್ತಾ?

ನಾನು ಓದಿಕೊಂಡಷ್ಟರಲ್ಲಿ ಅಮ್ಮನಿಗೆ ಹೇಳಿದ್ದು ಹೀಗೆ. ಆ ಉಂಡೆಗೆ ಚರ್ಮ ಇಲ್ಲ, ಕಣ್ಣಿಲ್ಲ, ಮೈಯಿಲ್ಲ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ ಇದ್ದರೆ ಅದರಲ್ಲಿ ಕೋಶಗಳು ಇರುವುದು ಲಕ್ಷಗಳ ಲೆಕ್ಕದಲ್ಲಿ ಮಾತ್ರ. ನೋವು ಅಂತ ನಾವು ಯಾವುದಕ್ಕೆ ಹೇಳುತ್ತೇವೋ ಅದು ಹುಟ್ಟಲು ಬೇಕಾದ ವ್ಯವಸ್ಥೆ ಅಲ್ಲಿಲ್ಲ. ಹಾಗಂತ ಪ್ರಶ್ನೆಯೇ ದಡ್ಡತನದ್ದು ಅಂತ ನಾನು ಹೇಳಲಿಲ್ಲ. 2019ರಲ್ಲಿ ಮುವೋಟ್ರಿ ತಂಡ ತಿಂಗಳುಗಟ್ಟಲೆ ಬೆಳೆದ ಉಂಡೆಗಳಲ್ಲಿ ವಿದ್ಯುತ್ ಅಲೆಗಳನ್ನು ಕಂಡಿತು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಮೆದುಳಿನ ಅಲೆಗಳಿಗೆ ಕೆಲವು ವಿಷಯದಲ್ಲಿ ಅವು ಹೋಲುತ್ತಿದ್ದವು. ಅಲೆ ಇದ್ದ ಮಾತ್ರಕ್ಕೆ ಅರಿವಿದೆ ಅಂತಲ್ಲ. ಆದರೆ ಏಳನೇ ಕ್ಲಾಸು ಓದಿದ ಅಮ್ಮ ಬಸ್ಸಿನಲ್ಲಿ ಕೇಳಿದ ಪ್ರಶ್ನೆಯನ್ನೇ ದೊಡ್ಡ ದೊಡ್ಡ ವಿಜ್ಞಾನಿಗಳು, ದಾರ್ಶನಿಕರು ಸಭೆ ಸೇರಿ ಕೇಳುತ್ತಿದ್ದಾರೆ. ಆ ಹನ್ನೊಂದು ಪುಟದಲ್ಲಿ ಈ ಪ್ರಶ್ನೆಗೆ ಎರಡು ಸಾಲು ಜಾಗ ಇರಬೇಕಿತ್ತು.

ಎಥಿಕ್ಸ್ ಕಮಿಟಿಯವರಿಗೆ ಒಂದು ಮಾತು. ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, 2017ರ ಮಾರ್ಗಸೂಚಿಯಲ್ಲಿ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕು ಅಂತ ಇದೆ. ಕಮಿಟಿಯಲ್ಲಿ ವೈದ್ಯಕೀಯ ವೃತ್ತಿಯಲ್ಲಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು ಅಂತಲೂ ಇದೆ. ಆ ಸಾಮಾನ್ಯ ವ್ಯಕ್ತಿಯ ಕೈಗೆ ಇಂಗ್ಲಿಷ್ ಪ್ರತಿಯ ಬದಲು ಕನ್ನಡದ ಪ್ರತಿ ಕೊಡಿ. ಗಟ್ಟಿಯಾಗಿ ಓದಲು ಹೇಳಿ. ಓದುವಾಗ ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಅನುವಾದ ಸರಿಯಾಗಿದೆ ಅಂತ ಒಂದು ಪ್ರಮಾಣಪತ್ರ ಲಗತ್ತಿಸಿದರೆ ಸಾಲದು. ಆ ಮೂರನೇ ಪುಟದ ವಾಕ್ಯದಲ್ಲಿ ಒಂದು ಪದವೂ ತಪ್ಪಿರಲಿಲ್ಲ, ಆದರೂ ಅದು ಅಮ್ಮನ ಹತ್ತಿರ ಮಾತಾಡಲಿಲ್ಲ.

ನಾನು ಅದನ್ನು ಹೀಗೆ ಬರೆದಿದ್ದೇನೆ, ನೋಡಿ:

"ನಿಮ್ಮ ರಕ್ತದಲ್ಲಿರುವ ಕೆಲವು ಜೀವಕೋಶಗಳನ್ನು ಲ್ಯಾಬಿನಲ್ಲಿ ಮತ್ತೆ ಎಳೆಯ ಕೋಶಗಳಾಗಿ ಮಾಡುತ್ತೇವೆ. ಅವುಗಳಿಂದ ಮೆದುಳಿನ ಹಾಗಿರುವ ಚಿಕ್ಕ ಉಂಡೆಗಳನ್ನು ಬೆಳೆಸುತ್ತೇವೆ. ಒಂದು ಉಂಡೆ ಹೆಸರುಕಾಳಿನಷ್ಟು ಇರುತ್ತದೆ. ಇದು ಪೂರ್ತಿ ಮೆದುಳಲ್ಲ. ನಮಗೆ ತಿಳಿದ ಮಟ್ಟಿಗೆ ಇದಕ್ಕೆ ಯೋಚನೆ ಇಲ್ಲ, ನೋವಿಲ್ಲ. ಈ ವಿಷಯದಲ್ಲಿ ಸಂಶೋಧನೆ ಇನ್ನೂ ನಡೆಯುತ್ತಿದೆ. ನಿಮ್ಮ ಕೋಶಗಳು ನೀವು ತೀರಿಕೊಂಡ ಮೇಲೂ ಇಲ್ಲಿ ಜೀವಂತ ಇರಬಹುದು. ಯಾವಾಗ ಬೇಡ ಅನಿಸಿದರೂ ಈ ನಂಬರಿಗೆ ಫೋನ್ ಮಾಡಿ, ನಮ್ಮಲ್ಲಿ ಉಳಿದಿರುವುದನ್ನು ನಾಶ ಮಾಡುತ್ತೇವೆ. ಕೋಟ್ಯಂತರ ವರ್ಷಗಳಲ್ಲಿ ಮನುಷ್ಯರ ಮೆದುಳು ಹೇಗೆ ಬದಲಾಗುತ್ತಾ ಬಂತು ಎಂದು ತಿಳಿಯಲು ಕೂಡ ಈ ಉಂಡೆಗಳನ್ನು ಬಳಸಬಹುದು. ಆಗ ನಿಮ್ಮ ಕೋಶದ ಜೀನ್ ತಿದ್ದಿ ಹಳೆಯ ಕಾಲದ ಮನುಷ್ಯರ ಜೀನ್‌ನ ಹಾಗೆ ಮಾಡಬಹುದು, ಅಥವಾ ಚಿಂಪಾಂಜಿಯ ಉಂಡೆಯ ಜೊತೆ ಹೋಲಿಸಬಹುದು. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಇದೆ. ಇಲ್ಲ. ಆಮೇಲೆ ಹೇಳುತ್ತೇನೆ."

ಅಮ್ಮ ಇದನ್ನು ಒಂದೇ ಉಸಿರಿಗೆ ಓದಿದರು. "ಕೋಟ್ಯಂತರ" ಅನ್ನುವುದಕ್ಕೆ ಬೆರಳಿಟ್ಟು, "ನೀನು ಅರವತ್ತು ಎಪ್ಪತ್ತು ಲಕ್ಷ ಅಂದಿದ್ದೆ" ಅಂದರು. ಸರಿಯಾಗಿಯೇ ಹಿಡಿದರು. ಅದನ್ನು "ಲಕ್ಷಾಂತರ" ಅಂತ ತಿದ್ದಿಕೊಂಡಿದ್ದೇನೆ, ನೀವೂ ತಿದ್ದಿಕೊಳ್ಳಿ.

ಕೊಟ್ಟವರಿಗೆ ಏನು ಗೊತ್ತಾಯಿತು ಅಂತ ವಾಪಸ್ ಹೇಳುವುದೂ ಮುಖ್ಯ. ವರ್ಷಕ್ಕೊಮ್ಮೆ ಒಂದು ಪುಟದ ಕಾಗದ ಸಾಕು. ಇಷ್ಟು ಜನ ಕೊಟ್ಟಿರಿ, ಇಷ್ಟು ಉಂಡೆ ಬೆಳೆಸಿದೆವು, ಇದು ಗೊತ್ತಾಯಿತು, ಇದು ತಪ್ಪಿತು ಅಂತ. ತಮ್ಮನ ರಕ್ತ ಕೊಟ್ಟ ಮೇಲೆ ಪತ್ರದಲ್ಲಿದ್ದ ನಂಬರಿಗೆ ನಾನು ಮೂರು ಸಲ ಫೋನ್ ಮಾಡಿದೆ. ಆ ಹುಡುಗಿ ಕೆಲಸ ಬಿಟ್ಟು ಹೊರದೇಶಕ್ಕೆ ಓದಲು ಹೋದಳಂತೆ. ಅವಳಿಗೆ ಒಳ್ಳೆಯದಾಗಲಿ. ಆದರೆ ಆಮೇಲೆ ಮಾತಾಡಿದವರಿಗೆ ಆ ಟ್ಯೂಬು ಎಲ್ಲಿದೆ ಅಂತ ಹೇಳಲಾಗಲಿಲ್ಲ.

ತಮ್ಮನನ್ನೇ ಕೇಳಿದೆ, ಅವನು ಚೆನ್ನಾಗಿದ್ದ ಒಂದು ಸಂಜೆ. ಚಪಾತಿ ಲಟ್ಟಿಸುತ್ತಿದ್ದ, ನಮ್ಮನೆಯಲ್ಲಿ ಚಪಾತಿ ಅವನದೇ ಕೆಲಸ. ನಿನ್ನ ಕೋಶದಿಂದ ಮನುಷ್ಯರ ವಿಕಾಸ ನೋಡಬಹುದಂತೆ ಕಣೋ, ಪರವಾಗಿಲ್ವಾ ಅಂದೆ. ಲಟ್ಟಣಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದ. "ಅಕ್ಕ, ಇಷ್ಟು ವರ್ಷ ನನ್ನ ಮೆದುಳು ಅಂದ್ರೆ ಎಲ್ಲರೂ ಕಾಯಿಲೆ ಅಂತಾನೇ ಮಾತಾಡಿದ್ದಾರೆ. ಎಲ್ಲ ಮನುಷ್ಯರ ಕಥೆ ಹೇಳೋಕೂ ಅದು ಆಗುತ್ತೆ ಅಂದ್ರೆ ನಾನು ಖಂಡಿತ ಕೊಡ್ತೀನಿ. ಆದ್ರೆ ನನ್ನನ್ನ ಕೇಳ್ಲಿ" ಅಂದ. ಮತ್ತೆ ಲಟ್ಟಿಸಲು ಶುರು ಮಾಡಿದ.

ನಿಮ್ಮ ಒಪ್ಪಿಗೆ ಪತ್ರದ ಕನ್ನಡ ಕರಡು ಇದ್ದರೆ ನಮಗೆ ಕಳಿಸಿ. ನಮ್ಮ ಶಾಲೆಯಲ್ಲಿ ಶನಿವಾರ ಅರ್ಧ ದಿನ ಮಾತ್ರ ಕ್ಲಾಸು. ಮಧ್ಯಾಹ್ನ ನಮ್ಮ ಬಿಸಿಯೂಟದ ಅಡುಗೆಯವರು, ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ತಾಯಂದಿರು, ನಮ್ಮಮ್ಮ, ಎಲ್ಲ ಸೇರಿ ಕೂತು ಓದುತ್ತಾರೆ, ಆಗಲೇ ಮಾತಾಡಿಕೊಂಡಿದ್ದೇವೆ. ಅರ್ಥವಾಗದ ಪದದ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಸೋಮವಾರ ವಾಪಸ್ ಕಳಿಸುತ್ತೇವೆ. ದುಡ್ಡು ಏನೂ ಬೇಡ. ನಿಮ್ಮಲ್ಲಿ ಯಾರಾದರೂ ಒಬ್ಬರು ಬಂದು ಜೊತೆಯಲ್ಲಿ ಕೂತರೆ ಇನ್ನೂ ಒಳ್ಳೆಯದು. ಬರುವಾಗ ಆ ಉಂಡೆಯ ಒಂದು ಫೋಟೋ ತನ್ನಿ, ಹಿಂದಿನ ಬೆಂಚಿನ ಹುಡುಗ ಕೇಳುತ್ತಲೇ ಇದ್ದಾನೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಮಾಗಡಿ ರಸ್ತೆ, ಬೆಂಗಳೂರು